ಪುಕ್ಕಟೆ ಬಂದ ಆಟಗಾರ

2018ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಅಲೆಕ್ಸಿಸ್ ಸ್ಯಾಂಚೆಜ್ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಬಿಟ್ಟು ಅಲ್ಲಿನದೇ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಯುನೈಟೆಡ್‌ನ ಹೆನ್ರಿಖ್ ಮಿಖಿತಾರ್ಯಾನ್ ಆರ್ಸೆನಲ್‌ಗೆ ಹೋದರು. ಆಟಗಾರನಿಗೆ ಬದಲು ಆಟಗಾರ. ಆಟಗಾರನನ್ನು ಬಿಟ್ಟುಕೊಡಲು ಒಂದು ಕ್ಲಬ್ ಇನ್ನೊಂದಕ್ಕೆ ಕೊಡುವ ವರ್ಗಾವಣೆ ಶುಲ್ಕ ಉಳಿಯಿತು. ಲಾಭದ ವ್ಯಾಪಾರ ಅಲ್ವಾ?

ಖರ್ಚು ಅಡಗಿದ್ದದ್ದು ಸಂಬಳದಲ್ಲಿ. ಸ್ಯಾಂಚೆಜ್‌ಗೆ ವಾರಕ್ಕೆ 3.5 ಲಕ್ಷ ಪೌಂಡ್‌ಗಿಂತ ಜಾಸ್ತಿ ಎಂದು ಪತ್ರಿಕೆಗಳು ಬರೆದವು. ಡ್ರೆಸಿಂಗ್ ರೂಮಿನಲ್ಲಿ ಕೂತವರೂ ಅದನ್ನು ಓದುತ್ತಾರೆ.

ಪಕ್ಕದವರ ಸಂಬಳ ಗೊತ್ತಾದರೆ ಏನಾಗುತ್ತದೆ? ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳವೆಲ್ಲ ಒಂದು ವೆಬ್‌ಸೈಟ್‌ನಲ್ಲಿತ್ತು. ಹಾಗೊಂದು ಸೈಟ್ ಇದೆ ಎಂದು ಕೆಲವರಿಗೆ ಮಾತ್ರ ತಿಳಿಸಿದರು. ನೋಡಿ ಬಂದವರಲ್ಲಿ, ಜತೆಯವರಿಗಿಂತ ಕಡಿಮೆ ಪಡೆಯುವವರಿಗೆ ಬೇಸರವಾಯಿತು. ಬೇರೆ ಕೆಲಸ ಹುಡುಕುವ ಯೋಚನೆಯೂ ಬಂತು. ಜಾಸ್ತಿ ಪಡೆಯುವವರಿಗೆ? ಸಂತೋಷವೇನೂ ಹೆಚ್ಚಲಿಲ್ಲ. ನನಗೆ ಇದೇ ಕುತೂಹಲದ ಭಾಗ. ಒಬ್ಬರ ಬೇಸರವನ್ನು ಇನ್ನೊಬ್ಬರ ಖುಷಿ ಸರಿದೂಗಿಸುವುದೇ ಇಲ್ಲ.

ನಮ್ಮ ಆಫೀಸುಗಳಲ್ಲಿ ಬೇಸರವಾದವರು ಕ್ಯಾಂಟೀನಿನಲ್ಲಿ ಗೊಣಗಿ ಸುಮ್ಮನಾಗುತ್ತಾರೆ. ಫುಟ್‌ಬಾಲ್ ಆಟಗಾರನಿಗೆ ಏಜೆಂಟ್ ಇರುತ್ತಾನೆ. ಒಪ್ಪಂದದ ಕೊನೆಯ ವರ್ಷವಾದರಂತೂ ಅವನ ಕೈ ಮೇಲು. ಕೇಳಿದ್ದು ಕೊಡದಿದ್ದರೆ ಅವಧಿ ಮುಗಿಸಿ ಆಟಗಾರ ಬೇರೆ ಕ್ಲಬ್‌ಗೆ ಹೊರಡಬಹುದು. ಹಳೆಯ ಕ್ಲಬ್‌ಗೆ ಬಿಡಿಗಾಸೂ ಬರುವುದಿಲ್ಲ. 2019ರಲ್ಲಿ ಆಂಡರ್ ಹೆರೇರಾ ಯುನೈಟೆಡ್ ಬಿಟ್ಟು ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ಗೆ ಹೋದದ್ದು ಹೀಗೆಯೇ.

ಸುಮ್ನೆ ಒಂದು ಲೆಕ್ಕ ಹಾಕಿ. ತಂಡದ 20 ಜನ ವಾರಕ್ಕೆ ತಲಾ 20 ಸಾವಿರ ಪೌಂಡ್ ಹೆಚ್ಚು ಕೇಳಿ ಪಡೆದರೆ ವಾರಕ್ಕೆ 4 ಲಕ್ಷವಾಯಿತು, ವರ್ಷಕ್ಕೆ 2 ಕೋಟಿಯ ಮೇಲೆ. ಇನ್ನೊಬ್ಬ ಸ್ಯಾಂಚೆಜ್‌ನನ್ನೇ ಸಾಕಿದಷ್ಟು ಖರ್ಚು. ಮೈದಾನದಲ್ಲಿ ಮಾತ್ರ ಒಬ್ಬನೂ ಹೆಚ್ಚಿರುವುದಿಲ್ಲ.

ಯುನೈಟೆಡ್‌ನ ಸಂಬಳದ ಖರ್ಚು 2017-18ರಲ್ಲಿ 29.6 ಕೋಟಿ ಪೌಂಡ್ ಇತ್ತು. ಮರುವರ್ಷ 33.2 ಕೋಟಿ. ಅದನ್ನೆಲ್ಲ ಒಬ್ಬನ ತಲೆಗೆ ಕಟ್ಟುವುದು ತಪ್ಪು, ಹೊಸ ಆಟಗಾರರು ಬೇರೆಯೂ ಬಂದಿದ್ದರು.

ಸ್ಯಾಂಚೆಜ್ 45 ಪಂದ್ಯಗಳಲ್ಲಿ ಹೊಡೆದದ್ದು 5 ಗೋಲು. 2019ರ ಆಗಸ್ಟ್ ಕೊನೆಗೆ ಅವರನ್ನು ಇಂಟರ್ ಮಿಲಾನ್‌ಗೆ ಎರವಲು ಕೊಟ್ಟರು, ಸಂಬಳದ ಒಂದು ಪಾಲನ್ನು ಯುನೈಟೆಡ್ಡೇ ಹೊತ್ತುಕೊಂಡಿತು. ಮೂರು ವಾರದೊಳಗೆ ಯುನೈಟೆಡ್‌ನ ಗೋಲ್‌ಕೀಪರ್ ಡೇವಿಡ್ ಡಿ ಗಿಯಾ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ವಾರಕ್ಕೆ ಸುಮಾರು 3.75 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು.