ನಡೆಯಲು ದೂರ, ಗಾಡಿ ತೆಗೆಯಲು ಹತ್ತಿರ

ಶಿವಮೊಗ್ಗದಲ್ಲಿ ಸ್ಕೂಟರ್ ಎಂದರೆ ಈಗಲೂ ಕಿಕ್ ಹೊಡೆದೋ ಗುಂಡಿ ಒತ್ತಿಯೋ ಓಡಿಸುವ ಗಾಡಿಯೇ. ಹಲಗೆಯ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತಾ ಸಾಗುವ, ಬೇಡವಾದಾಗ ಮಡಚಿ ಕೈಯಲ್ಲಿ ಹಿಡಿದುಕೊಳ್ಳಬಹುದಾದ ಸಾಧನಕ್ಕೆ ನಮ್ಮಲ್ಲಿ ನೆಲೆನಿಂತ ಹೆಸರಿಲ್ಲ. ಮಕ್ಕಳ ಸ್ಕೂಟರ್ ಎಂದು ಕರೆದು ಸುಮ್ಮನಾಗುತ್ತೇವೆ. ಈಚೆಗೆ ಅದೇ ರೂಪಕ್ಕೆ ಬ್ಯಾಟರಿ ಕೂಡಿಸಿದ ಗಾಡಿಗಳೂ ಬಂದಿರುವುದರಿಂದ, ಇದನ್ನು ಫುಟ್‌ಪಾತ್ ಮೇಲೆ ಓಡಿಸಬೇಕೇ, ರಸ್ತೆಗೆ ಇಳಿಸಬೇಕೇ, ಲೈಸೆನ್ಸ್ ಬೇಕೇ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಿದ್ದಾರೆ. ಈ ಗೊಂದಲ ಇಂದಿನದಲ್ಲ. ದೊಡ್ಡವರ ವಾಹನವಾಗಿ ಹುಟ್ಟಿದ ವಸ್ತುವೊಂದು ಮಕ್ಕಳ ಆಟಿಕೆಯಾಗಿ ಬೆಳೆದದ್ದೇ ಇದರ ಮೂಲ.

ನೆಲವನ್ನು ಕಾಲಿನಿಂದ ಒದ್ದು ಚಕ್ರದ ಮೇಲೆ ಸಾಗುವ ಉಪಾಯ ಹಳೆಯದು. ಜರ್ಮನಿಯ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್ ನಗರದಲ್ಲಿ ಪೆಡಲ್ ಇಲ್ಲದ ಎರಡು ಚಕ್ರದ ಮರದ ಗಾಡಿಯನ್ನು ಓಡಿಸಿ ತೋರಿಸಿದರು. ಬೈಸಿಕಲ್ಲಿನ ವಂಶಾವಳಿ ಅಲ್ಲಿಂದ ಶುರುವಾಗುತ್ತದೆ. ಅದರ ಸವಾರರು ಪಾದಚಾರಿಗಳ ಹಾದಿಗೆ ನುಗ್ಗಿದಾಗ ಕೆಲವೇ ವರ್ಷಗಳಲ್ಲಿ ಹಲವು ನಗರಗಳು ನಿರ್ಬಂಧ ಹೇರಿದವು ಎಂಬುದನ್ನು ಗಮನಿಸಿದರೆ, ಫುಟ್‌ಪಾತಿನ ಜಗಳಕ್ಕೆ ಎರಡು ಶತಮಾನಗಳ ಇತಿಹಾಸವಿದೆ. 1915ರಲ್ಲಿ ಅಮೆರಿಕದಲ್ಲಿ ಆಟೊಪೆಡ್ ಎಂಬ ಎಂಜಿನ್ ಜೋಡಿಸಿದ ನಿಂತು ಓಡಿಸುವ ಸ್ಕೂಟರ್ ಬಂದು, ಕೆಲವು ವರ್ಷಗಳಲ್ಲೇ ಮರೆಯಾಯಿತು. ಮುಂದಿನ ದಶಕಗಳಲ್ಲಿ ಇದನ್ನು ಉಳಿಸಿಕೊಂಡವರು ಜಗತ್ತಿನಾದ್ಯಂತ ಮಕ್ಕಳೇ. ಮಲೆನಾಡಿನಲ್ಲಿ ಅಡಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುತ್ತಿದ್ದ ಆಟವಿತ್ತು. ಗ್ಯಾರೇಜಿನಲ್ಲಿ ಬಿಸಾಡಿದ ಬೇರಿಂಗ್ ಸಿಕ್ಕಿದವರು ಹಲಗೆಗೆ ಅದನ್ನು ಸಿಕ್ಕಿಸಿ ಬೇರಿಂಗ್ ಗಾಡಿ ಮಾಡಿಕೊಳ್ಳುತ್ತಿದ್ದರು. ಟಾರು ರಸ್ತೆಯ ಇಳಿಜಾರಿನಲ್ಲಿ ಅದು ಹೊರಡಿಸುತ್ತಿದ್ದ ಕರ್ಕಶ ಶಬ್ದ ಕೇಳಿದವರಿಗೆ ಮರೆಯದು.

ಇಂದಿನ ಮಡಚುವ ಸ್ಕೂಟರಿನ ಕಥೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ್ದು, ಮತ್ತು ಅದರ ಕೇಂದ್ರದಲ್ಲಿರುವುದು ಹಸಿವು. 1990ರ ಒಂದು ಸಂಜೆ ವಿಮ್ ಔಬೋಟರ್ ಎಂಬವರಿಗೆ ತಮ್ಮ ಮೆಚ್ಚಿನ ಅಂಗಡಿಯ ಸಾಸೇಜ್ ತಿನ್ನುವ ಆಸೆಯಾಯಿತು. ಆ ಅಂಗಡಿ ನಡೆದು ಹೋಗಲು ದೂರ. ಕಾರನ್ನೋ ಸೈಕಲ್ಲನ್ನೋ ಹೊರಗೆ ತೆಗೆಯುವಷ್ಟು ದೂರವೂ ಅಲ್ಲ. ಈ ನಡುವಿನ ಅಂತರಕ್ಕೆ ಹೊಂದುವ ವಾಹನವೇ ಇಲ್ಲವಲ್ಲ ಎಂದುಕೊಂಡು ಅವರು ಪುಟ್ಟ ಚಕ್ರಗಳ ಸ್ಕೂಟರ್ ಒಂದನ್ನು ಮಾಡಿಕೊಂಡರು. ಅವರಿಗೆ ಸ್ಕೂಟರ್ ಹೊಸದೇನೂ ಆಗಿರಲಿಲ್ಲ. ಒಂದು ಕಾಲು ಗಿಡ್ಡವಾಗಿದ್ದ ಅವರ ಸಹೋದರಿಗೆ ಸೈಕಲ್ಲಿಗಿಂತ ಸ್ಕೂಟರ್ ಸುಲಭವಾಗಿದ್ದುದರಿಂದ ಆ ಮನೆಯವರಿಗೆ ಅದರ ಬಳಕೆಯಿತ್ತು. ಆದರೆ ಬೆಳೆದ ಗಂಡಸೊಬ್ಬ ಮಕ್ಕಳ ಗಾಡಿಯಲ್ಲಿ ಹೋಗುವುದನ್ನು ಕಂಡು ಜನ ನಗುತ್ತಾರೆಂಬ ಸಂಕೋಚವೂ ಇತ್ತು. ಮಡಚಿ ಚೀಲದೊಳಗೆ ಅಡಗಿಸುವ ಗುಣ ಇಂಥ ಸಂಕೋಚಕ್ಕೂ ಮದ್ದು. ಆ ಗಾಡಿ ಹಲವು ವರ್ಷ ಗ್ಯಾರೇಜಿನಲ್ಲೇ ಬಿದ್ದಿತ್ತು. ನೆರೆಹೊರೆಯ ಮಕ್ಕಳು ಅದನ್ನು ಬಿಡದೆ ಓಡಿಸುವುದನ್ನು ಕಂಡ ಅವರ ಪತ್ನಿ, ಇದನ್ನು ಮಾರುಕಟ್ಟೆಗೆ ತರಬೇಕೆಂದು ಒತ್ತಾಯಿಸಿದರಂತೆ. ಅದರ ಹಣೆಬರಹ ಆ ಗ್ಯಾರೇಜಿನಲ್ಲೇ ಬದಲಾಯಿತು ಎನ್ನಬೇಕು.

ಅಷ್ಟರಲ್ಲಿ ಕಾಲವೂ ಅನುಕೂಲವಾಗಿತ್ತು. ಸ್ಕೇಟಿಂಗ್ ಶೂಗಳಿಂದಾಗಿ ಪಾಲಿಯುರೆಥೇನ್ ಚಕ್ರ ಮತ್ತು ಸಣ್ಣ ಬೇರಿಂಗ್‌ಗಳು ಅಗ್ಗವಾಗಿ ದೊರೆಯುತ್ತಿದ್ದವು. ಅಲ್ಯೂಮಿನಿಯಂ ಚೌಕಟ್ಟು ತೂಕವನ್ನು ಇಳಿಸಿತು. ಬ್ರೇಕಿಗಾಗಿ ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡನ್ನು ಹಿಮ್ಮಡಿಯಿಂದ ಅದುಮಿದರೆ ಸಾಕಾಗುತ್ತಿತ್ತು. ತೈವಾನಿನ ಗಿನೊ ತ್ಸಾಯ್ ಅವರ ಜೆಡಿ ಕಾರ್ಪೊರೇಷನ್ ತಯಾರಿಕೆಗೆ ಇಳಿಯಿತು. ತಮ್ಮ ಕಾರ್ಖಾನೆಯೊಳಗೆ ಬೇಗ ಓಡಾಡಲು ತಾವೇ ಇದನ್ನು ರೂಪಿಸಿದ್ದೆಂದು ತ್ಸಾಯ್ ಹೇಳಿದ್ದುಂಟು. ಹೀಗೆ ಹುಟ್ಟಿನ ಕಥೆ ಎರಡು. ಎರಡರಲ್ಲೂ ಸವಾರ ವಯಸ್ಕನೇ, ದೂರವೂ ಅಲ್ಪವೇ. 1999ರಲ್ಲಿ ಜಪಾನಿನಲ್ಲಿ ಮೊದಲು ಹುಚ್ಚು ಹಿಡಿಸಿದ ಇದು, 2000ದಲ್ಲಿ ರೇಜರ್ ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋಗಿ ಆರು ತಿಂಗಳಲ್ಲಿ 50 ಲಕ್ಷದಷ್ಟು ಮಾರಾಟವಾಯಿತು. ಬೆನ್ನಿಗೇ ನಕಲುಗಳು ಬಂದವು, ಪೇಟೆಂಟ್ ವ್ಯಾಜ್ಯಗಳು ಬಂದವು, ಆಸ್ಪತ್ರೆಯ ಲೆಕ್ಕವೂ ಬಂತು: ಅದೇ ವರ್ಷದ ಮೊದಲ ಹತ್ತು ತಿಂಗಳಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಸ್ಕೂಟರಿನಿಂದ ಗಾಯಗೊಂಡು ಬಂದವರು ಅಂದಾಜು 27,600 ಮಂದಿ, ಅವರಲ್ಲಿ ಶೇ. 85ರಷ್ಟು 15 ವರ್ಷದೊಳಗಿನವರು. ದೊಡ್ಡವರ ಗಾಡಿಯನ್ನು ಯಾರು ವಹಿಸಿಕೊಂಡಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮರುವರ್ಷ ಆ ಹುಚ್ಚು ಇಳಿಯಿತು, ಗಾಡಿ ಮಾತ್ರ ಉಳಿಯಿತು.

2017ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಬಾಡಿಗೆಯ ಬ್ಯಾಟರಿ ಸ್ಕೂಟರ್ ಆರಂಭವಾಗಿ, ಅದೇ ರೂಪ ಮತ್ತೆ ದೊಡ್ಡವರ ಕೈಸೇರಿತು. ಪ್ಯಾರಿಸ್ಸಿನ ಮತದಾರರು 2023ರ ಏಪ್ರಿಲಿನಲ್ಲಿ ಬಾಡಿಗೆ ಸ್ಕೂಟರ್ ಬೇಡವೆಂದರು. ಮತ ಹಾಕಿದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ ಎನ್ನುವುದು ಬೇರೆ ಮಾತು. ನಮ್ಮಲ್ಲಿ ನಿಯಮದ ಗೆರೆ ಮೋಟಾರಿನ ಬಳಿ ಬೀಳುತ್ತದೆ. ಕಾಲಿನಿಂದ ತಳ್ಳುವುದು ಮೋಟಾರು ವಾಹನವೇ ಅಲ್ಲ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಗಾಡಿಗಳಿಗೂ ಇತರ ಷರತ್ತುಗಳೊಂದಿಗೆ ನೋಂದಣಿಯಿಂದ ವಿನಾಯಿತಿಯಿದೆ. ಸುಂಕದ ಪಟ್ಟಿಯಲ್ಲಂತೂ ತಳ್ಳುವ ಸ್ಕೂಟರು ಮೂರು ಚಕ್ರದ ಸೈಕಲ್ ಮತ್ತು ಗೊಂಬೆಗಳ ಜೊತೆ 9503ನೇ ಶೀರ್ಷಿಕೆಯಡಿ ಕುಳಿತಿದೆ. ಆಟಿಕೆಯೆಂದು ಒಮ್ಮೆ ಬರೆದುಕೊಂಡ ಮೇಲೆ ಅದಕ್ಕೊಂದು ಹಾದಿ ಬೇಕೆಂದು ಕೇಳುವವರು ಇರುವುದಿಲ್ಲ.

ನಿಜವಾಗಿ ಅಂಥ ಹಾದಿಯ ಅಗತ್ಯ ನಮ್ಮ ಊರುಗಳಿಗೇ ಹೆಚ್ಚು. ದುರ್ಗಿಗುಡಿಯಿಂದ ಗಾಂಧಿ ಪಾರ್ಕಿಗೆ ಹೋಗುವ ದೂರ ಔಬೋಟರ್ ಅವರ ಸಾಸೇಜಿನ ದೂರದಂಥದ್ದೇ. ಅದಕ್ಕೂ ಬೈಕ್ ಹೊರಗೆ ತೆಗೆಯುವುದು ನಮ್ಮ ಅಭ್ಯಾಸ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಶಿವಮೊಗ್ಗದಲ್ಲಿ ಅಗಲವಾದ ಫುಟ್‌ಪಾತ್‌ಗಳು ಬಂದವು, ಆ ಅಗಲವನ್ನು ಕಂಡು ನಿಲ್ಲಿಸಿದ ಬೈಕುಗಳೂ ಬಂದವು. ಅಂಗೈಯಗಲದ ಚಕ್ರಕ್ಕೆ ಎದ್ದ ಕಲ್ಲೊಂದು ಸಾಕು, ಸವಾರ ಮುಂದಕ್ಕೆ ಬೀಳುತ್ತಾನೆ. ತೀರ್ಥಹಳ್ಳಿ, ಆಗುಂಬೆಯ ಕಡೆ ಮಳೆಗಾಲದಲ್ಲಿ ಒದ್ದೆಯಾದ ಮಡ್‌ಗಾರ್ಡ್ ಬ್ರೇಕ್ ಇಳಿಜಾರಿನಲ್ಲಿ ಹಿಡಿಯುವುದಿಲ್ಲ. ಜೂನ್ ಹಿಡಿದರೆ ಗಾಡಿ ಜಗಲಿ ಸೇರಿ, ಅಡಕೆ ಒಣಗಿಸುವ ಹೊತ್ತಿಗೆ ಅಂಗಳಕ್ಕೂ ಇಳಿಯುವಂತಿಲ್ಲ. ಪೇಟೆಯ ಹುಡುಗ ಫುಟ್‌ಪಾತ್ ಮೇಲೆ ನಾಲ್ಕು ಒದೆತ ಒದ್ದು, ಅಡ್ಡ ನಿಂತ ಬೈಕುಗಳ ಮುಂದೆ ಇಳಿದು, ಸ್ಕೂಟರನ್ನು ಮಡಚಿ ಎತ್ತಿಕೊಂಡು ದಾಟುತ್ತಾನೆ. ಜ್ಯೂರಿಕ್‌ನಲ್ಲಿ ಸಂಕೋಚಕ್ಕೆ ನೆರವಾದ ಆ ಮಡಿಕೆ ಇಲ್ಲಿ ಅವನಿಗೆ ಬೇರೆಯೇ ಕಾರಣಕ್ಕೆ ಒದಗುತ್ತಿದೆ.