ಬೆಲೆಯನ್ನು ಯಂತ್ರವೇ ಬರೆಯುವ ಸ್ಟಾಂಪು

ಮಂಗಳೂರು, ಉಡುಪಿ ಕಡೆ ಅನೇಕರಿಗೆ ಸ್ಟಾಂಪಿನ ಹುಚ್ಚು ಹಿಡಿಯುವುದೇ ಹೊರದೇಶದಿಂದ ಮನೆಗೆ ಬಂದ ಪತ್ರದಿಂದ. ನನಗೂ ಹಾಗೇ. ಜರ್ಮನಿಯಲ್ಲಿದ್ದ ಮಾವನ ಲಕೋಟೆಯ ಮೇಲೆ ಒಮ್ಮೆ ವಿಚಿತ್ರ ಚೀಟಿಯೊಂದಿತ್ತು. ಹಕ್ಕಿಯಿಲ್ಲ, ಹೂವಿಲ್ಲ. ಹಿಂದೆ ಅಂಚೆಯವರು ಊದುತ್ತಿದ್ದ ಕೊಂಬಿನ ಗುರುತು, ಅದರ ಮೇಲೆ ಬೆಲೆ, ಅಷ್ಟೇ. ಅಂಚಿನಲ್ಲಿ ಹಲ್ಲುಗಳೂ ಇರಲಿಲ್ಲ. ನಾನು ಅದನ್ನು ಸುತ್ತ ಕತ್ತರಿಸಿ ತೆಗೆದೆ, ಊರು, ತಾರೀಕಿನ ಮುದ್ರೆಯಿದ್ದ ಲಕೋಟೆ ಎಸೆದೆ. ಆ ನಷ್ಟ ಇವತ್ತಿಗೂ ಕಾಡುತ್ತದೆ.

ಯಂತ್ರದಿಂದ ಸ್ಟಾಂಪು ಮಾರುವುದು ಹಳೆಯ ಸಂಗತಿ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ 1905ರಲ್ಲೇ ಅದರ ಪ್ರಯೋಗ ನಡೆಯಿತು. ಆದರೆ ಆ ಯಂತ್ರ ಕೊಡುತ್ತಿದ್ದದ್ದು ಮೊದಲೇ ಅಚ್ಚಾದ ಸ್ಟಾಂಪು. ಅಂಚೆ ದರ ಏರಿದರೆ ಒಳಗಿನ ಸುರುಳಿಯನ್ನೇ ಬದಲಿಸಬೇಕು. 1970ರ ದಶಕದಲ್ಲಿ ದರಗಳು ಪದೇ ಪದೇ ಏರಿದಾಗ ಇದು ದೊಡ್ಡ ತಲೆನೋವಾಯಿತು. ಹಾಗಾದರೆ ಖಾಲಿ ಚೀಟಿಯನ್ನು ಯಂತ್ರದೊಳಗಿಟ್ಟು, ಬೇಕಾದ ಬೆಲೆಯನ್ನು ಅಲ್ಲೇ ಅಚ್ಚು ಹಾಕಿದರೆ ಆಯಿತಲ್ವಾ?

ಸ್ವಿಟ್ಜರ್ಲೆಂಡ್ 1976ರಲ್ಲಿ ಅದನ್ನೇ ಮಾಡಿತು. ಯಂತ್ರ ಅಲ್ಲಿನದೇ ಫ್ರಾಮಾ ಕಂಪನಿಯದ್ದು. ಆ ಹೆಸರು ಎಷ್ಟು ನಿಂತಿತು ಅಂದರೆ, ಇಂಥ ಚೀಟಿಗಳನ್ನು ಸಂಗ್ರಾಹಕರು ಈಗಲೂ ‘ಫ್ರಾಮಾ’ ಅನ್ನುತ್ತಾರೆ. ಪಶ್ಚಿಮ ಜರ್ಮನಿ 1981ರಲ್ಲಿ ಶುರು ಮಾಡಿತು. ಬ್ರಿಟನ್‌ನಲ್ಲಿ 1984ರ ಮೇ 1ಕ್ಕೆ ಬಂದದ್ದನ್ನು ಜನ ಮೆಚ್ಚಲಿಲ್ಲ. ಒಂದೇ ವರ್ಷಕ್ಕೆ ಅದು ನಿಂತಿತು. ಅಮೆರಿಕ 1989ರಲ್ಲಿ ಕಂಪ್ಯೂಟರನ್ನೇ ತಂದು ನಿಲ್ಲಿಸಿತು. ಆ ಯಂತ್ರ ಪತ್ರ ತೂಗಿ, ದರ ಲೆಕ್ಕ ಹಾಕಿ ಚೀಟಿ ಕೊಡುತ್ತಿತ್ತು.

ಸಂಗ್ರಾಹಕರಿಗೆ ಇಲ್ಲೇ ಗೊಂದಲ ಹುಟ್ಟಿದ್ದು. ಗುಂಡಿ ಒತ್ತಿದ ಹಾಗೆಲ್ಲ ಹೊಸ ಬೆಲೆ ಬರುವುದಾದರೆ ಪೂರ್ತಿ ಸೆಟ್, ಅಂದರೆ ಒಂದು ಮಾದರಿಯ ಎಲ್ಲ ಬೆಲೆಗಳ ಗುಂಪು, ಯಾವುದು? ಇದು ಸ್ಟಾಂಪೇ, ರಸೀದಿಯೇ? ಅನೇಕರು ಒಂದು ದಾರಿ ಕಂಡುಕೊಂಡರು: ಆ ದಿನ ಚಾಲ್ತಿಯಲ್ಲಿದ್ದ ಅಂಚೆ ದರಗಳಷ್ಟನ್ನೇ ಸೆಟ್ ಅಂತ ಎಣಿಸಿದರು. ನನಗೂ ಅದೇ ಸರಿ ಅನಿಸುತ್ತದೆ. ನಿಜವಾದ ಖುಷಿ ಇರುವುದು ಸಣ್ಣ ಗುರುತುಗಳಲ್ಲಿ. ಆಸ್ಟ್ರೇಲಿಯಾದ ಹಳೆಯ ಫ್ರಾಮಾ ಚೀಟಿಯಲ್ಲಿ ಊರಿನ ಪಿನ್‌ಕೋಡ್ ಇರುತ್ತದೆ. 2000 ಅಂದರೆ ಸಿಡ್ನಿ, 3000 ಅಂದರೆ ಮೆಲ್ಬರ್ನ್. ಹಾಂಗ್‌ಕಾಂಗ್‌ನ ಚೀಟಿಗಳಲ್ಲಿ 01, 02 ಎಂಬ ಯಂತ್ರದ ಸಂಖ್ಯೆ. ಮಾಮೂಲಿ ಸ್ಟಾಂಪು ಯಾವ ದೇಶದ್ದು ಅಂತ ಹೇಳುತ್ತದೆ. ಇದು ಯಾವ ಊರು, ಯಾವ ಯಂತ್ರ ಅಂತಲೂ ಹೇಳುತ್ತದೆ! ಅಚ್ಚು ಪಕ್ಕಕ್ಕೆ ಜಾರಿದ್ದು, ಬೆಲೆಯೇ ಬೀಳದೆ ಖಾಲಿ ಬಂದದ್ದು ಸಿಕ್ಕಿದರಂತೂ ಹಬ್ಬ.

ನಮ್ಮ ಕರಾವಳಿಯಲ್ಲಿ ಇವನ್ನು ಕಾಪಾಡುವುದೇ ಕಷ್ಟ. ಬ್ರಿಟನ್ 2008ರಲ್ಲಿ ಮತ್ತೆ ತಂದ ‘ಪೋಸ್ಟ್ ಅಂಡ್ ಗೋ’ ಚೀಟಿಗಳಂಥವು ಶಾಖದಿಂದ ಅಚ್ಚಾಗುತ್ತವೆ, ಬಸ್ ಟಿಕೆಟಿನ ಹಾಗೆ. ಬಿಸಿಲಿಗಿಟ್ಟರೆ ಅಕ್ಷರ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಚೀಟಿ ಕಪ್ಪಾಗುತ್ತದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆಯೊಳಗೆ ಇಡುವುದೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೇವ. ಆಗ ಹಿಂಬದಿಯಲ್ಲಿ ಅಂಟು ಇರುವ ಹೊಸ ಚೀಟಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಲ್ಬಮನ್ನು ಗೋಡೆಗೆ ಒತ್ತಿ ಇಡಬೇಡಿ, ನೆಟ್ಟಗೆ ನಿಲ್ಲಿಸಿ.

ಹೊರದೇಶಕ್ಕೆ ಹೊರಟ ನೆಂಟರಿಗೆ ಈಗ ನಾನು ಒಂದೇ ಮಾತು ಹೇಳುತ್ತೇನೆ. ಚೀಟಿಯನ್ನು ಸುಮ್ನೆ ಕಿಸೆಯಲ್ಲಿ ತರಬೇಡಿ. ಲಕೋಟೆಗೆ ಅಂಟಿಸಿ, ಯಂತ್ರ ಕೊಟ್ಟ ರಸೀದಿಯನ್ನು ಒಳಗಿಟ್ಟು, ಮಂಗಳೂರಿನ ನನ್ನ ವಿಳಾಸ ಬರೆದು ಅಲ್ಲೇ ಡಬ್ಬಿಗೆ ಹಾಕಿ.