ಎಲೆಯೊಳಗಿನ ಬೂಷ್ಟನ್ನು ಎಬ್ಬಿಸುವ ಬಗೆ

ಒಂದೇ ಒಂದು ಚುಕ್ಕೆಯಿಲ್ಲದೆ ನಳನಳಿಸುವ ಹಸಿರೆಲೆಯ ಒಳಗೂ ಶಿಲೀಂಧ್ರಗಳು ಬದುಕಿರುತ್ತವೆ. ಬೂಷ್ಟು ಎಂದರೆ ಕೊಳೆತ, ಬೂಷ್ಟು ಎಂದರೆ ರೋಗ ಎಂದು ನಂಬಿಕೊಂಡು ಬಂದವರಿಗೆ ಇದನ್ನು ಒಪ್ಪುವುದು ಕಷ್ಟ. ಪನಾಮಾದ ಬಾರೋ ಕೊಲೊರಾಡೋ ದ್ವೀಪದ ಕಾಡಿನಲ್ಲಿ ಎರಡು ಜಾತಿಯ ಸಸ್ಯಗಳಿಂದ 83 ಆರೋಗ್ಯವಂತ ಎಲೆಗಳನ್ನು ಆರಿಸಿ ಪರೀಕ್ಷಿಸಿದಾಗ, ನೋಟದಲ್ಲೇ ಬೇರೆಬೇರೆಯಾದ 418 ಬಗೆಯ ಶಿಲೀಂಧ್ರಗಳು ಸಿಕ್ಕವು. ಈ ಲೆಕ್ಕ ಪ್ರಕಟವಾದದ್ದು 2000ದಲ್ಲಿ. ಹೀಗೆ ಗಿಡಕ್ಕೆ ಕೇಡು ಮಾಡದೆ ಅದರ ಜೀವಕೋಶಗಳ ನಡುವಿನ ಸಂದಿಯಲ್ಲಿ ಎಳೆ ಚಾಚಿಕೊಂಡಿರುವ ಜೀವಿಗಳಿಗೆ ಎಂಡೋಫೈಟ್ ಎಂದು ಹೆಸರು.

ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯಾವನ್ನು ಕೊಲ್ಲುವ ರಾಸಾಯನಿಕಗಳನ್ನು ತಯಾರಿಸುತ್ತವೆ. ಆ ಸುದ್ದಿ ಪತ್ರಿಕೆಗೆ ಬಂದಾಗಲೆಲ್ಲ ಒಂದು ಅಪಾಯಕಾರಿ ತೀರ್ಮಾನವೂ ಹಿಂದೆಯೇ ಹರಡುತ್ತದೆ: ‘ಇಂಥ ಗಿಡದಲ್ಲಿ ಆ್ಯಂಟಿಬಯೋಟಿಕ್ ಇದೆಯಂತೆ, ಹಾಗಾದರೆ ಎಲೆಯ ರಸ ಕುಡಿದರೆ ಸಾಕು.’ ಸಾಲದು. ಎಲೆಯಲ್ಲಿರುವ ಶಿಲೀಂಧ್ರದ ತೂಕ ತೀರಾ ಅಲ್ಪ. ಅದು ಆ ಹೊತ್ತಿಗೆ ಆ ರಾಸಾಯನಿಕವನ್ನು ತಯಾರಿಸುತ್ತಿರಲೇಬೇಕು ಎಂದೂ ಇಲ್ಲ. ಪ್ರಯೋಗಾಲಯದಲ್ಲಿ ಹೊಟ್ಟೆತುಂಬ ಆಹಾರ ಕೊಟ್ಟು ಬೆಳೆಸಿದಾಗಲೂ ಎಷ್ಟು ಕಡಿಮೆ ಸಿಗುತ್ತದೆ ನೋಡಿ. 1993ರಲ್ಲಿ ಯೂ ಮರದ ಶಿಲೀಂಧ್ರವೊಂದರಿಂದ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧಿ ಸಿಕ್ಕಿತೆಂದು ವರದಿಯಾಯಿತು. ಪ್ರಮಾಣ, ಲೀಟರಿಗೆ 24ರಿಂದ 50 ನ್ಯಾನೊಗ್ರಾಂ. ಒಂದು ಗ್ರಾಂ ಬೇಕೆಂದರೆ ಕನಿಷ್ಠ 2 ಕೋಟಿ ಲೀಟರ್ ದ್ರವ! ನ್ಯುಮೋನಿಯಾ ಬಂದವರನ್ನು ರಸದ ಭರವಸೆಯಲ್ಲಿ ಎರಡು ದಿನ ಮನೆಯಲ್ಲೇ ಇಟ್ಟುಕೊಂಡರೆ ಹೋಗುವುದು ಜೀವ.

ಹಾಗಾದರೆ ಎಲೆಯೊಳಗಿನದನ್ನು ಹೊರಗೆ ತರುವುದು ಹೇಗೆ? ಎಲೆ ಕಿತ್ತ ಒಂದು ದಿನದೊಳಗೆ ಕೆಲಸ ಶುರುವಾಗಬೇಕು. ಹರಿಯುವ ನೀರಿನಲ್ಲಿ ತೊಳೆದು 70% ಎಥನಾಲಿನಲ್ಲಿ 1 ನಿಮಿಷ, 2ರಿಂದ 4% ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣದಲ್ಲಿ 3 ನಿಮಿಷ, ಮತ್ತೆ ಎಥನಾಲಿನಲ್ಲಿ 30 ಸೆಕೆಂಡ್, ಕೊನೆಗೆ ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ಅದ್ದುತ್ತಾರೆ. ಎಲೆಯ ಮೇಲಿರುವುದು ಸಾಯಬೇಕು, ಒಳಗಿರುವುದು ಉಳಿಯಬೇಕು; ಇಡೀ ಕೆಲಸ ನಿಂತಿರುವುದು ಇದರ ಮೇಲೆ. ತೆಳು ಎಲೆಗೆ ಮೂರು ನಿಮಿಷ ಹೆಚ್ಚಾಗಿ ಬ್ಲೀಚ್ ಒಳಗಿನದನ್ನೂ ಕೊಂದುಬಿಡಬಹುದು, ಮೇಣದಂಥ ದಪ್ಪ ಎಲೆಗೆ ಅದೇ ಮೂರು ನಿಮಿಷ ಸಾಲದೆ ಹೋಗಬಹುದು. ತೊಳೆಯುವ ಮೊದಲೇ ಎಲೆ ಕತ್ತರಿಸಿದರೆ ಕತ್ತರಿಸಿದ ಅಂಚಿನಿಂದ ಬ್ಲೀಚ್ ಒಳನುಗ್ಗುತ್ತದೆ. ತೊಳೆದಾದ ಎಲೆಯನ್ನು ಏನನ್ನೂ ಬಿತ್ತದ ಒಂದು ಅಗರ್ ತಟ್ಟೆಗೆ (ಸೂಕ್ಷ್ಮಜೀವಿ ಬೆಳೆಸುವ ಲೋಳೆ ಹರಡಿದ ತಟ್ಟೆಗೆ) ಮೆಲ್ಲಗೆ ಒತ್ತಿ ತೆಗೆಯಬೇಕು. ಆ ಅಚ್ಚಿನ ಮೇಲೆ ಏನಾದರೂ ಬೆಳೆದರೆ ಮೇಲ್ಮೈ ಶುದ್ಧವಾಗಿಲ್ಲ ಎಂದರ್ಥ, ಆ ಕಂತನ್ನು ಬಿಸಾಡಬೇಕು. ಈ ಅಚ್ಚಿನ ಪರೀಕ್ಷೆ ಮಾಡದೆ ‘ಎಂಡೋಫೈಟ್ ಸಿಕ್ಕಿತು’ ಎನ್ನುವ ಮಾತಿಗೆ ಬೆಲೆಯಿಲ್ಲ.

ಅಂಚುಗಳನ್ನು ತೆಗೆದು, 5 ಮಿಲಿಮೀಟರ್ ಚೌಕಗಳಾಗಿ ಕತ್ತರಿಸಿ, ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗರ್ ಮೇಲೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆಯದಿರಲಿ ಎಂದು ಅದಕ್ಕೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿರುತ್ತಾರೆ. ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್. ನಾಲ್ಕೈದು ದಿನಕ್ಕೆ ಕತ್ತರಿಸಿದ ಅಂಚಿನಿಂದ ಬಿಳಿ ಎಳೆಗಳು ಜೇಡನ ನೂಲಿನಂತೆ ಹೊರಗೆ ಇಣುಕುತ್ತವೆ. ಮೊದಲು ಬರುವವು ಬಿರುಸಿನಿಂದ ಬೆಳೆಯುವ ಜಾತಿಗಳು. ಅವು ವಾರದೊಳಗೆ ತಟ್ಟೆಯನ್ನೆಲ್ಲ ಆವರಿಸಿ, ಮೂರು ನಾಲ್ಕು ವಾರಕ್ಕೆ ತಲೆಯೆತ್ತಬೇಕಿದ್ದ ನಿಧಾನದವನ್ನು ಮುಚ್ಚಿಹಾಕುತ್ತವೆ. ಆದ್ದರಿಂದ ಎಳೆ ಕಂಡ ಕೂಡಲೇ ಅದರ ತುದಿಯನ್ನು ಕತ್ತರಿಸಿ ಬೇರೆ ತಟ್ಟೆಗೆ ಸಾಗಿಸಬೇಕು.

ಆಮೇಲೆ ದ್ರವದಲ್ಲಿ ಎರಡು ಮೂರು ವಾರ ಬೆಳೆಸಿ, ಈಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಸಾರ ತೆಗೆದು, ಆ ಸಾರ ಹೀರಿದ 6 ಮಿಲಿಮೀಟರ್ ಕಾಗದದ ಬಿಲ್ಲೆಯನ್ನು ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯ ಮೇಲೆ ಇಡುತ್ತಾರೆ. ಬೆಳಗಾಗುವಷ್ಟರಲ್ಲಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ಉಂಗುರ ಮೂಡಿದ್ದರೆ ಸಂತೋಷ, ಜೊತೆಗೆ ಅನುಮಾನ. ಮೊದಲ ತಟ್ಟೆಯ ಕ್ಲೋರಾಂಫೆನಿಕಾಲ್ ಬೂಷ್ಟಿನ ತುಣುಕಿಗೆ ಅಂಟಿಕೊಂಡು ಬಂದಿರಬಹುದು. ಬರೀ ದ್ರಾವಕದ ಪ್ರಭಾವವೂ ಇರಬಹುದು, ಅದಕ್ಕೇ ದ್ರಾವಕ ಮಾತ್ರ ಹೀರಿದ ಬಿಲ್ಲೆಯೂ ಪಕ್ಕದಲ್ಲಿರಬೇಕು. ಉಂಗುರದ ಅಗಲ ಔಷಧಿಯ ಶಕ್ತಿಯ ಅಳತೆಯೂ ಅಲ್ಲ: ಎಣ್ಣೆಯಂಥ ಅಣುಗಳು ಅಗರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಇಷ್ಟೆಲ್ಲ ದಾಟಿ ಬಂದ ಅಣು ಎಷ್ಟೋ ಸಲ ಹಳೆಯ ಪರಿಚಿತವೇ ಆಗಿರುತ್ತದೆ, ಇಲ್ಲವೇ ನಮ್ಮ ಜೀವಕೋಶಗಳನ್ನೂ ಕೊಲ್ಲುವ ವಿಷವಾಗಿರುತ್ತದೆ.

ಆದರೆ ನಿಜವಾದ ಸೊಗಸು ಇರುವುದು ತಟ್ಟೆಯಲ್ಲಿ ಕಾಣದ ಭಾಗದಲ್ಲಿ. ಒಂದು ರಾಸಾಯನಿಕ ತಯಾರಿಸಲು ಬೇಕಾದ ವಂಶವಾಹಿಗಳನ್ನು ಶಿಲೀಂಧ್ರ ಒಂದೇ ಕಡೆ ಗುಚ್ಛವಾಗಿ ಇಟ್ಟುಕೊಂಡಿರುತ್ತದೆ. ಒಂದು ಜೀವಿಯಲ್ಲೇ ಇಂಥ ಹತ್ತಾರು ಗುಚ್ಛಗಳಿದ್ದರೂ ಪ್ರಯೋಗಾಲಯದಲ್ಲಿ ಕೈಗೆ ಸಿಗುವುದು ಕೆಲವೇ ರಾಸಾಯನಿಕಗಳು. ಉಳಿದವು ಮಲಗಿರುತ್ತವೆ. ಬತ್ತಳಿಕೆ ತುಂಬ ಬಾಣಗಳಿವೆ, ಶತ್ರು ಎದುರಿಗೆ ಬರದೆ ಕೈ ಬೆನ್ನಿನತ್ತ ಹೋಗುವುದಿಲ್ಲ. ಡಿಎನ್ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ನೂಲಿನಂತೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದರೆ ಒಳಗಿನ ಬರಹವನ್ನು ಓದಲಾಗದು. ಬಿಗಿಯಾಗಿ ಸುರುಳಿ ಸುತ್ತಿ ದಾರ ಕಟ್ಟಿಟ್ಟ ಓಲೆಯ ಹಾಗೆ. ಡಿಎನ್ಎಗೆ ಅಂಟುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಆ ಓಲೆಯ ಮೇಲೆ ಒತ್ತಿದ ಅರಗಿನ ಮುದ್ರೆ ಎನ್ನಬಹುದು. ಮಲಗಿದ ಗುಚ್ಛಗಳನ್ನು ಎಬ್ಬಿಸಲು ಎರಡು ರಾಸಾಯನಿಕಗಳನ್ನು ಬಳಸುತ್ತಾರೆ: 5-ಅಜಾಸೈಟಿಡಿನ್ ಹೊಸ ಮುದ್ರೆ ಒತ್ತದಂತೆ ತಡೆಯುತ್ತದೆ, ವೊರಿನೊಸ್ಟಾಟ್ ಸುರುಳಿಯನ್ನು ಸಡಿಲಿಸುತ್ತದೆ. ಇದಕ್ಕಿಂತ ಸರಳ ಉಪಾಯಗಳೂ ಇವೆ: ಸಕ್ಕರೆ ಬದಲಿಸುವುದು, ದ್ರವದ ಬದಲು ಬೇಯಿಸಿದ ಅಕ್ಕಿಯ ಮೇಲೆ ಬೆಳೆಸುವುದು, ಅದೇ ಫ್ಲಾಸ್ಕಿಗೆ ಒಂದು ಬ್ಯಾಕ್ಟೀರಿಯಾವನ್ನು ಬಿಟ್ಟು ನೋಡುವುದು.

ಶಿಲೀಂಧ್ರದಿಂದ ಔಷಧಿಯವರೆಗಿನ ದಾರಿ ಎಷ್ಟು ದೂರ ಎಂಬುದಕ್ಕೆ ಇಟಲಿಯ ಜುಸೆಪ್ಪೆ ಬ್ರೋಟ್ಸು ಅವರ ಶೋಧ ಸಾಕ್ಷಿ. 1945ರಲ್ಲಿ ಅವರು ಸಾರ್ಡೀನಿಯಾದ ಕಾಲ್ಯಾರಿಯಲ್ಲಿ ಚರಂಡಿ ನೀರು ಸಮುದ್ರ ಸೇರುವ ಜಾಗದಿಂದ ಒಂದು ಶಿಲೀಂಧ್ರವನ್ನು ಹೆಕ್ಕಿದರು. ಅದು ಆಕ್ಸ್‌ಫರ್ಡ್ ತಲುಪಿ, ಅದರಿಂದ ಹುಟ್ಟಿದ ಮೊದಲ ಸೆಫಲೋಸ್ಪೊರಿನ್ ಆ್ಯಂಟಿಬಯೋಟಿಕ್ ರೋಗಿಗಳಿಗೆ ಸಿಕ್ಕಿದ್ದು 1964ರಲ್ಲಿ. ಎಲೆಯೊಳಗಿನ ಶಿಲೀಂಧ್ರಗಳ ದಾರಿಯೂ ಹೀಗೆಯೇ. ಜುನಿಪರ್ ಎಲೆಯ ಶಿಲೀಂಧ್ರವೊಂದು ಕೊಟ್ಟ ಎನ್ಫುಮಾಫಂಜಿನ್ ಅಣುವನ್ನು ಮಾರ್ಪಡಿಸಿ ಮಾಡಿದ ಐಬ್ರೆಕ್ಸಾಫಂಜರ್ಪ್ ಎಂಬ ಶಿಲೀಂಧ್ರನಾಶಕ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜನ್ನು ಕಂಡಾಗ, ಈ ನಿಧಾನ ಕಳವಳ ಹುಟ್ಟಿಸುತ್ತದೆ.

ಇನ್ನೊಂದು ತೊಡಕು ದಾರಿಯ ನಡುವೆಯೇ ಎದುರಾಗುತ್ತದೆ. ಗಿಡದಿಂದ ಹೊರಬಂದ ಶಿಲೀಂಧ್ರವನ್ನು ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಇಳುವರಿ ಕುಸಿಯುತ್ತದೆ, ಕೆಲವೇ ದಾಟುಗಳಲ್ಲಿ ಪೂರ್ತಿ ನಿಂತೂಹೋಗಬಹುದು. ಅದಕ್ಕೇ ಮೊದಲ ತಟ್ಟೆಯ ತುಣುಕನ್ನು ಗ್ಲಿಸರಾಲಿನಲ್ಲಿ ಮುಳುಗಿಸಿ ಮೈನಸ್ 80 ಡಿಗ್ರಿಯಲ್ಲಿ ಕಾದಿಡುತ್ತಾರೆ. ಪಶ್ಚಿಮಘಟ್ಟದ ನೊಥಾಪೊಡೈಟಿಸ್ ಮರದ ಶಿಲೀಂಧ್ರವೊಂದು ಹೀಗೆಯೇ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್-ವಿರೋಧಿ ಅಣುವನ್ನು ತಯಾರಿಸುವುದನ್ನು ಬಹಳ ಕಡಿಮೆ ಮಾಡಿತ್ತು. ಅದನ್ನು ಮತ್ತೆ ಅದೇ ಜಾತಿಯ ಗಿಡದೊಳಗೆ ಸೇರಿಸಿ ಹೊರತೆಗೆದಾಗ ಉತ್ಪಾದನೆ ಮತ್ತೆ ಏರಿತು. ಮೀಥೈಲ್ ಮುದ್ರೆ ತಡೆಯುವ ರಾಸಾಯನಿಕ ಕೊಟ್ಟಾಗಲೂ ಏರಿತು. ವಂಶವಾಹಿಗಳು ಎಲ್ಲಿಗೂ ಹೋಗಿರಲಿಲ್ಲ.